‘ಮೂರು ದಿನದಿಂದ ಸುಟ್ಟ ವಾಸನಿ ಬರಾಕತ್ತಿತ್ರೀ’

(ಏಪ್ರಿಲ್‌ನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ, ಗದಗ-ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ಸಂಜೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ನಾನು ಅಗ್ನಿಶಾಮಕ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಗದಗ, ಹಾವೇರಿ, ಹುಬ್ಬಳ್ಳಿ ಮೂರೂ ಕಡೆ ಇದ್ದೆ. ಬೆಂಕಿ ಆರಿಸಿದ ಮೇಲೆ ನಮಗೆ ಇನ್ನೊಂದು ಕೆಲಸ ಇರುತ್ತದೆ. ಪೈಪ್ ಸುತ್ತಿ ಗಾಡಿಗೆ ಹಾಕಿ, ಮನೆಯವರ ಹತ್ತಿರ ಕೂತು, ಹೇಗೆ ಶುರುವಾಯಿತು ಅಂತ ಕೇಳಿ ಬರೆದುಕೊಳ್ಳಬೇಕು. ಆಗ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿದ್ದೆ. ಹಾವೇರಿ ಕಡೆ ಕೇಳಿದ್ದೇನೆ, ಹುಬ್ಬಳ್ಳಿಯ ಅಂಗಡಿ ಸಾಲಿನಲ್ಲಿ ಕೇಳಿದ್ದೇನೆ, ಇದೇ ಬೆಟಗೇರಿಯಲ್ಲೂ ಕೇಳಿದ್ದೇನೆ. “ಮೂರು ದಿನದಿಂದ ಸುಟ್ಟ ವಾಸನಿ ಬರಾಕತ್ತಿತ್ರೀ ಸಾಹೇಬ್ರ. ಎಲ್ಲಿಂದ ಅಂತ ತಿಳೀಲಿಲ್ಲ.”

ಕೆಲವರು ಎರಡು ದಿನ ಅನ್ನುತ್ತಿದ್ದರು, ಕೆಲವರು ಒಂದು ವಾರ. ಹೇಳುತ್ತಿದ್ದವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ದಿನವಿಡೀ ಮನೆಯಲ್ಲಿ ಇರುವವರು ಅವರು, ಅಡುಗೆಯ ವಾಸನೆ ಯಾವುದು, ಬೇರೆ ವಾಸನೆ ಯಾವುದು ಅಂತ ಅವರ ಮೂಗಿಗೆ ಗೊತ್ತು. ಗಂಡನಿಗೆ ಹೇಳಿರುತ್ತಾರೆ, ಮಗನಿಗೆ ಹೇಳಿರುತ್ತಾರೆ. ಅವರು ಒಂದು ಸಲ ಆ ಕಡೆ ಈ ಕಡೆ ನೋಡಿ, “ಏನೂ ಇಲ್ಲ ಬಿಡು” ಅಂದಿರುತ್ತಾರೆ. ಸುಟ್ಟು ಕಪ್ಪಾದ ಗೋಡೆಯ ಮುಂದೆ ನಿಂತು ಆ ತಾಯಿ ಈ ಮಾತು ಹೇಳುವಾಗ ಗಂಡಸರು ತಲೆ ತಗ್ಗಿಸುವುದನ್ನು ನಾನು ನೋಡಿದ್ದೇನೆ. ನೋಡಿ ಬಹಳ ಸಂಕಟಪಟ್ಟಿದ್ದೇನೆ.

ಬೆಂಕಿ ಹೇಳದೆ ಕೇಳದೆ ಬರುತ್ತದೆ ಅಂತ ನಾವು ನಂಬಿಬಿಟ್ಟಿದ್ದೇವೆ. ನಾನು ನೋಡಿದ ಬೆಂಕಿಗಳಲ್ಲಿ ಬಹಳಷ್ಟು ಹೇಳಿಯೇ ಬಂದಿದ್ದವು. ವಾಸನೆಯಲ್ಲಿ ಹೇಳಿದ್ದವು, ಬಿಸಿಯಲ್ಲಿ ಹೇಳಿದ್ದವು, ಬಣ್ಣದಲ್ಲಿ ಹೇಳಿದ್ದವು. ಇವತ್ತು ಅದನ್ನು ಕೇಳಿಸಿಕೊಳ್ಳುವುದು ಹೇಗೆ ಅಂತ ಮಾತಾಡೋಣ.

ಈ ಪ್ಲಗ್ ನೋಡಿ. ಕೈಯಿಂದ ಕೈಗೆ ದಾಟಿಸಿ, ಹಿಂದೆ ಕೂತವರೂ ನೋಡಲಿ. ಇದು ಒಂದು ಮನೆಯ ಗೀಸರ್‌ನ ಪ್ಲಗ್. ಮನೆ ಸುಡಲಿಲ್ಲ, ಸ್ವಲ್ಪದರಲ್ಲಿ ಉಳಿಯಿತು. ಮೂರು ಪಿನ್ ಇವೆ ಅಲ್ವಾ? ಎರಡು ಹಳದಿಯಾಗಿ ಹೊಳೆಯುತ್ತಿವೆ. ಒಂದು ಪಿನ್ ಮಾತ್ರ ನೀಲಿಗಪ್ಪು ಬಣ್ಣಕ್ಕೆ ತಿರುಗಿದೆ. ಅದರ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಕಂದಾಗಿ, ಸ್ವಲ್ಪ ಉಬ್ಬಿದೆ. ಮೂಗಿನ ಹತ್ತಿರ ಹಿಡಿಯಿರಿ. ಇಷ್ಟು ವರ್ಷ ಆದರೂ ಆ ವಾಸನೆ ಹೋಗಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನದ್ದು, ಅದರಲ್ಲಿ ಸ್ವಲ್ಪ ಮೀನಿನ ವಾಸನೆ ಸೇರಿದ ಹಾಗೆ. ಈ ವಾಸನೆಯನ್ನು ಇವತ್ತು ನೆನಪಿಟ್ಟುಕೊಂಡು ಹೋಗಿ.

ಏನಾಗಿತ್ತು ಅಂದರೆ, ಸಾಕೆಟ್ ಒಳಗಿನ ಹಿಡಿತ ಸಡಿಲಾಗಿತ್ತು. ಎರಡು ಸಾವಿರ ವ್ಯಾಟ್‌ನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಕರೆಂಟ್ ಎಳೆಯುತ್ತದೆ. ಅಷ್ಟು ಕರೆಂಟ್ ಅಗಲವಾದ ದಾರಿಯಲ್ಲಿ ಹೋದರೆ ತೊಂದರೆ ಇಲ್ಲ. ಸಡಿಲಾದ ಕಡೆ ಪಿನ್ನಿನ ಒಂದು ಮೂಲೆ ಮಾತ್ರ ತಾಗುತ್ತಿರುತ್ತದೆ. ಸೂಜಿಮೊನೆಯಷ್ಟು ಜಾಗದಲ್ಲಿ ಅಷ್ಟೂ ಕರೆಂಟ್ ನುಗ್ಗಿದಾಗ ಅಲ್ಲಿ ಕಾಯುತ್ತದೆ. ಕಾದ ಲೋಹ ಇನ್ನೂ ಸಡಿಲಾಗುತ್ತದೆ, ಸಡಿಲಾದದ್ದು ಇನ್ನೂ ಕಾಯುತ್ತದೆ. ಇದು ದಿನಗಟ್ಟಲೆ ನಡೆಯುತ್ತದೆ. ಅದಕ್ಕೇ ವಾಸನೆ ಮೂರು ದಿನ ಬರುವುದು.

ಇಲ್ಲಿ ಒಬ್ಬ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. “ನಮ್ಮ ಮನ್ಯಾಗ ಎಂಸಿಬಿ ಐತಲ್ರೀ, ಅದು ಬೀಳಂಗಿಲ್ಲೇನು?”

ಬೀಳುವುದಿಲ್ಲ ತಮ್ಮ. ಇದನ್ನು ಎಲ್ಲರೂ ಗಮನಿಸಿ ಕೇಳಿ. ಎಂಸಿಬಿ ಅಂದರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್. ಕರೆಂಟ್ ಜಾಸ್ತಿ ಹರಿದರೆ, ಇಲ್ಲವೇ ಶಾರ್ಟ್ ಆದರೆ ಅದು ಬೀಳುತ್ತದೆ. ಸಡಿಲ ಪ್ಲಗ್‌ನಲ್ಲಿ ಕರೆಂಟ್ ಜಾಸ್ತಿ ಆಗಿರುವುದಿಲ್ಲ. ಅದೇ ಒಂಬತ್ತು ಆಂಪಿಯರ್ ಹರಿಯುತ್ತಿರುತ್ತದೆ. ಎಂಸಿಬಿಯ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಗೋಡೆಯೊಳಗೆ ಪ್ಲಾಸ್ಟಿಕ್ ಕರಗುತ್ತಿರುವುದು ಅದಕ್ಕೆ ತಿಳಿಯುವುದೇ ಇಲ್ಲ. ತಿಳಿಯುವುದು ನಿಮ್ಮ ಮೂಗಿಗೆ, ನಿಮ್ಮ ಅಂಗೈಗೆ. ಗೀಸರ್, ಇಸ್ತ್ರಿ, ನೀರು ಕಾಯಿಸುವ ಕಾಯಿಲ್, ಪಂಪಿನ ಮೋಟಾರು, ಇವು ಹತ್ತು ನಿಮಿಷ ನಡೆದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್‌ನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಡೆಯುತ್ತದೆ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಇನ್ನೊಂದು ಕೆಟ್ಟ ರೂಢಿ ನಮ್ಮಲ್ಲಿದೆ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ಅದಕ್ಕಿಂತ ದೊಡ್ಡದನ್ನು ಹಾಕಿಸುವುದು. ವೈರ್ ಹಳೆಯದೇ ಇರುತ್ತದೆ. ತಡೆಯುವ ಶಕ್ತಿ ವೈರಿನದ್ದು ಅಷ್ಟೇ ಇರುವಾಗ ಕಾವಲುಗಾರನಿಗೆ ಸುಮ್ನೆ ಇರು ಅಂದ ಹಾಗಾಯಿತು. ಎಕ್ಸ್‌ಟೆನ್ಷನ್ ಬೋರ್ಡ್‌ಗೂ ಇದೇ ಮಾತು. ಅದು ಮೊಬೈಲ್ ಚಾರ್ಜರ್‌ಗೆ, ಟಿವಿಗೆ ಇರುವುದು. ಅದರ ತೆಳು ವೈರಿಗೆ ಇಸ್ತ್ರಿ ಪೆಟ್ಟಿಗೆ, ನೀರಿನ ಕಾಯಿಲ್ ಹಾಕಬೇಡಿ. ಹಾಕಿ, ಆ ವೈರನ್ನು ಚಾಪೆಯ ಕೆಳಗೆ ಬಿಟ್ಟರೆ ಬಿಸಿ ಹೋಗಲು ದಾರಿಯೇ ಇರುವುದಿಲ್ಲ.

ಕೈಮಗ್ಗ ಇದ್ದಾಗ ಈ ಓಣಿಯಲ್ಲಿ ಲಾಳಿ ಸದ್ದು ಮಾತ್ರ ಇತ್ತು. ಈಗ ಮನೆ ಮನೆಯಲ್ಲಿ ವಿದ್ಯುತ್ ಮಗ್ಗ ಇವೆ. ಮಗ್ಗದ ಮೋಟಾರಿನ ಮೇಲೆ, ಟ್ಯೂಬ್‌ಲೈಟ್ ಪಟ್ಟಿಯ ಮೇಲೆ, ಸ್ಟಾರ್ಟರ್ ಡಬ್ಬಿಯ ಒಳಗೆ ನೂಲಿನ ನವಿರು ಧೂಳು ಕೂತಿರುತ್ತದೆ. ನೋಡಲು ಏನೂ ಅಲ್ಲ. ಒಂದು ಕಿಡಿ ಬಿದ್ದರೆ ಬತ್ತಿಯ ಹಾಗೆ ಓಡುತ್ತದೆ, ಗೋಡೆಯ ಈ ತುದಿಯಿಂದ ಆ ತುದಿಗೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ. ವಾರಕ್ಕೆ ಒಂದು ಸಲ ಮೇನ್ ಸ್ವಿಚ್ ಆರಿಸಿ ಒಣ ಬ್ರಷ್‌ನಿಂದ ಅದನ್ನು ಗುಡಿಸಿ. ಇದಕ್ಕೆ ದುಡ್ಡು ಬೇಕಿಲ್ಲ, ಒಂದು ತಾಸು ಸಾಕು.

ಈಗ ಗ್ಯಾಸ್.

ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ನಿಮಗೆ ಬರುವ ಆ ಕೊಳೆತ ವಾಸನೆ ಮರ್‌ಕ್ಯಾಪ್ಟನ್ ಎಂಬ ವಸ್ತುವಿನದ್ದು. ಸೋರಿದರೆ ಜನರಿಗೆ ತಿಳಿಯಲಿ ಅಂತಲೇ ಅದನ್ನು ಬೆರೆಸಿರುತ್ತಾರೆ. ಅಂದರೆ ಇಲ್ಲಿ ವಾಸನೆ ಇಟ್ಟಿರುವುದೇ ನಿಮಗೆ ಹೇಳಲು. ಅದನ್ನೂ ನಾವು “ಸಿಲಿಂಡರ್ ಮುಗಿಯಾಕ ಬಂದಿರಬೇಕು, ಅದಕ್ಕ ವಾಸನಿ” ಅಂತ ತಳ್ಳಿಹಾಕುತ್ತೇವೆ.

ಈ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಕಟ್ಟೆಯ ಕೆಳಗೆ, ಹೊಸ್ತಿಲ ಹತ್ತಿರ, ತಗ್ಗಿನಲ್ಲಿ ನಿಲ್ಲುತ್ತದೆ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಅನಿಲ ಆಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೆ ಸಾಕು, ಹೊತ್ತಿಕೊಳ್ಳಲು ತಯಾರು. ಮನೆಯಲ್ಲಿ ಇರುವುದು 14.2 ಕಿಲೋದ ಸಿಲಿಂಡರ್. ಲೆಕ್ಕ ನೀವೇ ಹಾಕಿ.

ವಾಸನೆ ಬಂದ ಕೂಡಲೇ ಸ್ವಿಚ್ ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಫ್ಯಾನ್ ತಿರುಗುತ್ತಿದ್ದರೆ ತಿರುಗಲಿ. ದೇವರ ಕೋಣೆಯ ಎಣ್ಣೆದೀಪ ಉರಿಯುತ್ತಿದ್ದರೆ ಅದನ್ನು ಆರಿಸಬೇಕು, ಇದನ್ನು ನಮ್ಮ ಜನ ಮರೆಯುತ್ತಾರೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಎಲ್ಲರೂ ಹೊರಗೆ ಬನ್ನಿ. ಫೋನ್ ಹೊರಗೆ ನಿಂತು ಮಾಡಿ. ಗ್ಯಾಸ್ ಸೋರಿಕೆಗೆಂದೇ 1906 ಎಂಬ ನಂಬರ್ ಇದೆ, ಯಾವ ಕಂಪನಿಯ ಸಿಲಿಂಡರ್ ಆದರೂ ನಡೆಯುತ್ತದೆ.

ಸಿಲಿಂಡರ್ ಬಂದ ದಿನ ಮಾಡುವ ಕೆಲಸ ಎರಡು ನಿಮಿಷದ್ದು. ವಾಲ್ವ್ ಒಳಗೆ ಒಂದು ಕಪ್ಪು ರಬ್ಬರ್ ಉಂಗುರ ಇರುತ್ತದೆ. ಅದು ಇದೆಯಾ, ಹರಿದಿದೆಯಾ ಅಂತ ನೋಡಿ. ಎಷ್ಟೋ ಸೋರಿಕೆ ಆ ಸಣ್ಣ ಉಂಗುರದಿಂದಲೇ. ರೆಗ್ಯುಲೇಟರ್ ಕೂರಿಸಿ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ. ಕಡ್ಡಿ ಗೀರಿ ನೋಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸಿಲಿಂಡರ್‌ನ ಹಿಡಿಕೆ ಹಿಡಿದು ನಿಂತ ಪಟ್ಟಿಗಳಲ್ಲಿ ಒಂದರ ಒಳಮುಖದಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಬಿ-27 ಅಂತ ಇದ್ದರೆ 2027ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ತಾರೀಖು ದಾಟಿದ್ದನ್ನು ಇಳಿಸಿಕೊಳ್ಳಬೇಡಿ, ವಾಪಸ್ ಕೊಡಿ. ಕಿತ್ತಳೆ ಬಣ್ಣದ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ನಡುವೆ ಬಿರುಕು ಕಂಡರೆ ಅವತ್ತೇ.

ಆದರೆ ಮೂಗಿನ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ನಾವು ಮಲಗಿದಾಗ ಮೂಗೂ ಮಲಗುತ್ತದೆ. ನಿದ್ದೆಯಲ್ಲಿ ಇರುವವರನ್ನು ಸದ್ದು ಎಬ್ಬಿಸುತ್ತದೆ, ಕೂಸಿನ ಅಳು ಎಬ್ಬಿಸುತ್ತದೆ. ವಾಸನೆ ಎಬ್ಬಿಸುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಏನಾಯಿತು ಅಂತ ನಿಮಗೆಲ್ಲ ನೆನಪಿರಬೇಕು. ಅಯ್ಯಪ್ಪ ಮಾಲೆ ಹಾಕಿದವರು ಗುಡಿಯ ಹತ್ತಿರದ ಕೋಣೆಯಲ್ಲಿ ಮಲಗಿದ್ದರು. ಒಳಗೇ ಸಿಲಿಂಡರ್ ಇತ್ತು. ರಾತ್ರಿ ಗ್ಯಾಸ್ ಸೋರಿ ಹೊತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟುಕೊಂಡರು, ಹೆಚ್ಚಿನವರು ಉಳಿಯಲಿಲ್ಲ. ವ್ರತ ಹಿಡಿದ ಮಕ್ಕಳು ಅವರು. ಒಂದೊಂದೇ ಸುದ್ದಿ ಬರುತ್ತಿದ್ದ ಆ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ.

ಅದಕ್ಕೆ ಕೈಮುಗಿದು ಕೇಳುತ್ತೇನೆ. ರಾತ್ರಿ ಮಲಗುವ ಮುಂಚೆ ಒಲೆಯ ಗುಂಡಿ ಮಾತ್ರ ಅಲ್ಲ, ರೆಗ್ಯುಲೇಟರನ್ನೂ ಮುಚ್ಚಿ. ಸಿಲಿಂಡರ್ ಇರುವ ಕೋಣೆಯಲ್ಲಿ ಯಾರೂ ಮಲಗಬೇಡಿ. ಜಾತ್ರೆ, ಮದುವೆ, ಮಾಲೆಯ ಕಾಲದಲ್ಲಿ ಜನ ಜಾಸ್ತಿ, ಜಾಗ ಕಡಿಮೆ ಅಂತ ಅಡುಗೆಕೋಣೆಯಲ್ಲೇ ಚಾಪೆ ಹಾಸುವುದು ನಮ್ಮಲ್ಲಿ ರೂಢಿ. ಆ ಒಂದು ರೂಢಿ ಬಿಟ್ಟುಬಿಡಿ. ಹೊಗೆ ಕಂಡರೆ ಕೂಗುವ ಸಣ್ಣ ಯಂತ್ರ ಈಗ ಸಿಗುತ್ತದೆ, ಬ್ಯಾಟರಿಯಲ್ಲಿ ನಡೆಯುತ್ತದೆ, ಚಾವಣಿಗೆ ಅಂಟಿಸಿದರೆ ಆಯಿತು. ನೀವು ನೇಯುವ ಒಂದು ಒಳ್ಳೆಯ ಸೀರೆಗಿಂತ ಅದರ ಬೆಲೆ ಕಡಿಮೆ.

ಎಣ್ಣೆಯ ಮಾತು ಬೇಗ ಹೇಳುತ್ತೇನೆ, ಯಾಕೆಂದರೆ ಮಿರ್ಚಿ ಭಜಿ ಗಾಡಿಯ ಅಣ್ಣಾರು ಇಬ್ಬರು ವ್ಯಾಪಾರ ಬಿಟ್ಟು ಬಂದು ಕೂತಿದ್ದಾರೆ. ಕಾದ ಎಣ್ಣೆ ಹೊತ್ತುವ ಮುಂಚೆ ಹೊಗೆಯಾಡುತ್ತದೆ. ತೆಳ್ಳಗೆ ನೀಲಿ ಹೊಗೆ, ಕಣ್ಣು ಉರಿಯುತ್ತದೆ. ಅದೇ ಎಣ್ಣೆಯ ನೋಟಿಸು. ಉರಿ ತಗ್ಗಿಸಬೇಕು. ತಗ್ಗಿಸದೆ ಗಿರಾಕಿಯ ಕಡೆ ತಿರುಗಿದರೆ ಕಡಾಯಿ ಹೊತ್ತಿಕೊಳ್ಳುತ್ತದೆ.

ಹೊತ್ತಿದ ಎಣ್ಣೆಗೆ ನೀರು ಹಾಕಿದರೆ ಏನಾಗುತ್ತದೆ? ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಇಳಿದ ಕೂಡಲೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೇಲಿದ್ದ ಉರಿಯುವ ಎಣ್ಣೆಯನ್ನು ಎತ್ತಿ ನಿಮ್ಮ ಮುಖಕ್ಕೆ, ಗಾಡಿಯ ತಗಡಿಗೆ ಎರಚುತ್ತದೆ. ಒಂದು ತಂಬಿಗೆ ನೀರು ಸಾಕು. ಅದರ ಬದಲು ಕಡಾಯಿಗಿಂತ ದೊಡ್ಡ ಒಂದು ತಗಡಿನ ಮುಚ್ಚಳ ಯಾವಾಗಲೂ ಬಲಗೈ ಹತ್ತಿರ ಇರಲಿ. ಎದುರಿನಿಂದ ಎತ್ತಿ ಬಡಿಯಬೇಡಿ, ನಿಮ್ಮ ಕಡೆಯಿಂದ ಆ ಕಡೆಗೆ ಜಾರಿಸಿ ಮುಚ್ಚಿ. ಗ್ಯಾಸ್ ಬಂದ್ ಮಾಡಿ.

“ಎಷ್ಟೊತ್ತು ಮುಚ್ಚಿಡಬೇಕ್ರೀ?” ಅಂತ ಗಾಡಿಯ ಅಣ್ಣಾರು ಕೇಳಿದರು. ಪೂರ್ತಿ ತಣ್ಣಗಾಗುವ ತನಕ. ಉರಿ ನಿಂತಿದೆಯಾ ಅಂತ ಐದು ನಿಮಿಷಕ್ಕೆ ಎತ್ತಿ ನೋಡಿದರೆ ಗಾಳಿ ಸಿಕ್ಕು ಮತ್ತೆ ಹೊತ್ತುತ್ತದೆ. ಅವತ್ತಿನ ಭಜಿ ಹೋಯಿತು ಅಂತ ಬಿಟ್ಟುಬಿಡಿ.

ಈಗ ಹತ್ತಿಯ ಹತ್ತಿರ ಬರುತ್ತೇನೆ. ಗದಗ ಅಂದರೆ ಹತ್ತಿ. ಜಯಧರ ಹತ್ತಿಯ ಕಾಲದಿಂದ ಈ ಊರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ ನಡೆದಿವೆ, ಹಮಾಲರು ಅಂಡಿಗೆ ಹೊತ್ತಿದ್ದಾರೆ. ನಾನು ನೋಡಿದ ಬೆಂಕಿಗಳಲ್ಲಿ ಹತ್ತಿಯ ಬೆಂಕಿಯಷ್ಟು ಕಾಡಿದ್ದು ಬೇರೆ ಇಲ್ಲ.

ಹುಲ್ಲಿನ ಬಣವೆ ಹೊತ್ತಿದರೆ ಊರಿಗೆಲ್ಲ ಕಾಣುತ್ತದೆ. ಹತ್ತಿ ಹಾಗಲ್ಲ. ಜಿನ್ನಿಗೆ ಬರುವ ಹತ್ತಿಯಲ್ಲಿ ಒಂದು ಕಲ್ಲಿನ ಚೂರೋ, ಮೊಳೆಯೋ ಸೇರಿದ್ದರೆ ಯಂತ್ರದಲ್ಲಿ ಕಿಡಿ ಹಾರುತ್ತದೆ. ಆ ಕಿಡಿ ಅರಳೆಯ ಜೊತೆಗೇ ಹೋಗಿ ಬೇಲ್‌ನಲ್ಲಿ, ಅಂದರೆ ಒತ್ತಿ ಕಟ್ಟಿದ ಅಂಡಿಗೆಯಲ್ಲಿ, ಸೇರಿಬಿಡುತ್ತದೆ. ಒಂದು ಬೇಲ್ 170 ಕಿಲೋ, ಕಲ್ಲಿನ ಹಾಗೆ ಗಟ್ಟಿ. ಒಳಗೆ ಅವರೆಕಾಳಿನಷ್ಟು ಕೆಂಡ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಅದಕ್ಕೆ ಸಾಕು. ಉರಿ ಇಲ್ಲ, ಹೊಗೆಯೂ ಕಾಣುವುದಿಲ್ಲ. ದಿನಗಟ್ಟಲೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಬೇಲ್ ಲಾರಿ ಏರುತ್ತದೆ, ಗೋದಾಮು ಸೇರುತ್ತದೆ. ಅಲ್ಲಿ ಒಂದು ದಿನ ಹೊರಮೈ ತನಕ ಬಂದು ಗಾಳಿ ಕಾಣುತ್ತದೆ.

ಒಂದು ಗೋದಾಮಿನಲ್ಲಿ ನಾವು ನೀರು ಹೊಡೆದು ಬೆಂಕಿ ಆರಿಸಿ ಬಂದೆವು. ಬೆಳಗಿನ ಜಾವ ಮತ್ತೆ ಕರೆ ಬಂತು. ಮತ್ತೆ ಹೋದೆವು, ಮತ್ತೆ ಆರಿಸಿದೆವು. ಮೂರನೆಯ ಸಲ ಒಬ್ಬ ವಯಸ್ಸಾದ ಹಮಾಲರು ನನ್ನ ತೋಳು ಹಿಡಿದು ಹೇಳಿದರು. “ನೀರು ಮ್ಯಾಲಿಂದ ಜಾರಿ ಹೋಗತೈತ್ರೀ ಸಾಹೇಬ್ರ. ಹೊಟ್ಟಿ ಬಗದು ತೋಯಿಸಬೇಕ.” ಅವರೇ ಕೊಕ್ಕೆ ತಂದು ತೋರಿಸಿದರು. ಬೇಲಿನ ಪಟ್ಟಿ ಕತ್ತರಿಸಿ, ಪದರ ಪದರ ಬಿಚ್ಚಿ, ಒಂದೊಂದನ್ನೂ ನೀರಿನಲ್ಲಿ ಅದ್ದಿದೆವು. ಬಿಚ್ಚಿದಾಗ ಒಳಗೆ ಕಂದು ಬಣ್ಣದ ಒಂದು ಸುರಂಗ ಇತ್ತು, ಹೆಗ್ಗಣ ಕೊರೆದ ಹಾಗೆ. ತುದಿಯಲ್ಲಿ ಕೆಂಪು ಚುಕ್ಕೆ. ಆ ಹಮಾಲರು ಹೇಳಿದ ಇನ್ನೊಂದು ಮಾತು, “ನಾಕ ದಿನದ ಹಿಂದ ಈ ಥಪ್ಪಿ ಹತ್ರ ಸುಟ್ಟ ಅರಿವಿ ವಾಸನಿ ಬಂದಿತ್ತು. ಹೇಳಿದ್ರ ಯಾರ್ ಕೇಳ್ಯಾರ?”

ಯಾರೂ ಕೇಳಲಿಲ್ಲ. ಹಮಾಲ ಹೇಳಿದ್ದನ್ನು ಕೇಳುವ ರೂಢಿ ಅಲ್ಲಿ ಇರಲಿಲ್ಲ. ಈ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಕೂತಿದೆ. ಇಲ್ಲಿ ಯಾರಾದರೂ ಮಾಲೀಕರು ಇದ್ದರೆ ಅವರಿಗೆ ಹೇಳುತ್ತೇನೆ. ನಿಮ್ಮ ಗೋದಾಮಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಎಚ್ಚರಿಕೆ ಗಂಟೆ ಅಲ್ಲಿ ದಿನವಿಡೀ ದುಡಿಯುವ ಮನುಷ್ಯ. ಅವನು ಬಂದು “ವಾಸನಿ ಐತ್ರೀ” ಅಂದರೆ ಕೆಲಸ ನಿಲ್ಲಿಸಿ, ಅವನ ಜೊತೆ ಎದ್ದು ಹೋಗಿ ನೋಡಿ. ಏನೂ ಸಿಗದಿದ್ದರೂ ಬೈಯಬೇಡಿ. ಒಮ್ಮೆ ಬೈದರೆ ಇನ್ನೊಮ್ಮೆ ಅವನು ಹೇಳುವುದಿಲ್ಲ.

ಏಪ್ರಿಲ್ 14ರಿಂದ ಈ ಸಪ್ತಾಹ ಯಾಕೆ ಮಾಡುತ್ತೇವೆ ಗೊತ್ತಾ? ಅದರ ಮೂಲದಲ್ಲೂ ಹತ್ತಿ ಇದೆ. 1944ರ ಏಪ್ರಿಲ್ 14, ಮುಂಬೈನ ವಿಕ್ಟೋರಿಯಾ ಡಾಕ್. ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು, ಅದರ ಜೊತೆಗೆ ಸಾವಿರಾರು ಹತ್ತಿ ಬೇಲ್. ಮಧ್ಯಾಹ್ನ ಹತ್ತಿ ಇದ್ದ ಉಗ್ರಾಣದಿಂದ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ನೀರು ಬಿಟ್ಟರು, ಮತ್ತೆ ಮತ್ತೆ ಬಿಟ್ಟರು. ಒಳಗೆ ಬೆಂಕಿ ಎಲ್ಲಿದೆ ಅಂತಲೇ ಸಿಗಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಹಡಗು ಸಿಡಿಯಿತು. 66 ಜನ ಅಗ್ನಿಶಾಮಕ ಸಿಬ್ಬಂದಿ ಒಂದೇ ದಿನ ಹೋದರು. ಅವರ ನೆನಪಿನಲ್ಲಿ ಪ್ರತಿ ವರ್ಷ ನಾವು ಎದೆಗೆ ಪಟ್ಟಿ ಹಚ್ಚಿಕೊಂಡು ಜನರ ಹತ್ತಿರ ಬರುತ್ತೇವೆ. ಮೊದಲ ಕಾರಣ ಒಂದು ಬೇಲಿನೊಳಗಿನ ಕೆಂಡ ಇದ್ದಿರಬಹುದು ಅಂತ ನೆನೆದಾಗ ಆ ಹಮಾಲರ ಮಾತು ನನಗೆ ನೆನಪಾಗುತ್ತದೆ.

ಬ್ಯಾಡಗಿ ಕಡೆಯವರು ಒಬ್ಬರು ಮೆಣಸಿನಕಾಯಿ ಬಗ್ಗೆ ಕೇಳಿದರು. ಒಣಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿದ್ದರೆ ಒಳಗೆ ಹೋಗಲು ಯಾರಿಂದಲೂ ಆಗುವುದಿಲ್ಲ. ಒಗ್ಗರಣೆಗೆ ನಾಲ್ಕು ಕಾಯಿ ಸೀದರೆ ಮನೆಯವರೆಲ್ಲ ಕೆಮ್ಮುತ್ತೀರಿ. ಅಲ್ಲಿ ನೂರಾರು ಚೀಲ. ಉಸಿರಾಟದ ಉಪಕರಣ ಹಾಕದೆ ನಾವೂ ಹೋಗುವುದಿಲ್ಲ. ಆದ್ದರಿಂದ ಚೀಲ ಉಳಿಸಲು ಯಾರೂ ಒಳಗೆ ನುಗ್ಗಬೇಡಿ. ಗೋದಾಮು, ಹತ್ತಿ, ಮೇವು, ಪಟಾಕಿ ಎಲ್ಲಿದ್ದರೂ ವೆಲ್ಡಿಂಗ್ ಮಾಡಿಸುವಾಗ ಮಾಲನ್ನು ದೂರ ಸರಿಸಿ, ಒಂದು ಬಕೆಟ್ ನೀರು ಇಟ್ಟುಕೊಂಡು ಒಬ್ಬರು ನಿಂತಿರಬೇಕು. ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಅಲ್ಲೇ ಇದ್ದು ನೋಡಬೇಕು. ವೆಲ್ಡಿಂಗ್‌ನವರು ಹೋದ ಮೇಲೆಯೇ ಕಿಡಿ ಹೊತ್ತುವುದು.

ಇಷ್ಟೆಲ್ಲ ಎಚ್ಚರ ಇದ್ದೂ ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ ಬೇಕು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಒಂಬತ್ತು ಜನ ಸತ್ತರು. ಜನರನ್ನು ಹಿಡಿದದ್ದು ಹೊಗೆ. ಮೆಟ್ಟಿಲ ಕಡೆಯ ಬಾಗಿಲುಗಳಿಗೆ ಬೀಗ ಇತ್ತು. ಕಿಟಕಿ ಒಡೆದು ಹಾರಿದವರಿದ್ದರು. ಹುಬ್ಬಳ್ಳಿಯಲ್ಲಿ ನಾನು ಹತ್ತಿದ ಎಷ್ಟೋ ಅಂಗಡಿಯ ಮೆಟ್ಟಿಲುಗಳಲ್ಲಿ ಒಂದು ಕಾಲಿಡುವಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ರಟ್ಟಿನ ಪೆಟ್ಟಿಗೆ. ರಾತ್ರಿ ಕೆಲಸದ ಹುಡುಗರನ್ನು ಒಳಗೆ ಮಲಗಿಸಿ ಹೊರಗಿನಿಂದ ಶಟರ್‌ಗೆ ಬೀಗ ಹಾಕುವ ಅಂಗಡಿಗಳನ್ನೂ ಕಂಡಿದ್ದೇನೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ತಡೆದುಕೊಳ್ಳುವುದೂ ಇಲ್ಲ. ಆ ಹುಡುಗ ಯಾವುದೋ ಹಳ್ಳಿಯ ತಾಯಿ ನಂಬಿ ಕಳಿಸಿದ ಮಗ. ಬೀಗದ ಕೈ ಅವನ ಕೈಯಲ್ಲಿ ಇರಬೇಕು.

ಹೊಗೆಯಲ್ಲಿ ಸಿಕ್ಕರೆ ನೆಟ್ಟಗೆ ನಿಲ್ಲಬೇಡಿ. ಬಿಸಿ ಹೊಗೆ ಮೇಲೆ ಇರುತ್ತದೆ, ನೆಲದ ಹತ್ತಿರ ಉಸಿರಾಡುವ ಗಾಳಿ ಉಳಿದಿರುತ್ತದೆ. ಅಂಬೆಗಾಲಿನಲ್ಲಿ, ಗೋಡೆ ಮುಟ್ಟುತ್ತಾ ಬನ್ನಿ. ಬರುವಾಗ ಹಿಂದಿನ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಬಾಗಿಲು, ಹಳೆಯ ಮರದ್ದೇ ಆಗಿರಲಿ, ಬೆಂಕಿಯನ್ನು ಕೆಲವು ನಿಮಿಷ ಹಿಡಿದಿಡುತ್ತದೆ. ಹೊರಗೆ ಬಂದ ಮೇಲೆ ಬಂಗಾರ, ಕಾಗದಪತ್ರ ಅಂತ ವಾಪಸ್ ಹೋಗಬೇಡಿ.

ಗೋಡೆಯಲ್ಲಿ ತೂಗುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಬಗ್ಗೆ ಎರಡು ಮಾತು. ಅದರ ಮುಳ್ಳು ಹಸಿರು ಪಟ್ಟಿಯಲ್ಲಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಬಳಸುವಾಗ ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿ ಇಟ್ಟು, ಹಿಡಿಕೆ ಒತ್ತಿ, ಆ ಕಡೆ ಈ ಕಡೆ ಆಡಿಸಿ. ಆರು ಕಿಲೋದ್ದು ಇಪ್ಪತ್ತು ಸೆಕೆಂಡ್ ಬಂದರೆ ಹೆಚ್ಚು. ಅಷ್ಟರಲ್ಲಿ ಆರದಿದ್ದರೆ ಅದು ನಿಮ್ಮ ಕೈಮೀರಿದ ಬೆಂಕಿ. ಬಾಗಿಲು ಬೆನ್ನ ಹಿಂದೆ ಇರುವ ಹಾಗೆಯೇ ನಿಂತುಕೊಳ್ಳಿ.

ಫೋನ್ 112ಕ್ಕೆ ಮಾಡಿ, 101 ಆದರೂ ಸರಿ. ನಮಗೆ ದುಡ್ಡು ಕೊಡಬೇಕಿಲ್ಲ. ಕೇಸ್ ಆಗುತ್ತದೆ ಅಂತ ಹೆದರಿ ಕೆಲವರು ತಡ ಮಾಡುತ್ತಾರೆ, ಹಾಗೆ ಮಾಡಬೇಡಿ. ಓಣಿಯ ಹೆಸರು, ಹತ್ತಿರದ ಗುಡಿ ಅಥವಾ ಸಾಲಿ, ಏನು ಸುಡುತ್ತಿದೆ, ಒಳಗೆ ಜನ ಇದ್ದಾರಾ, ಇಷ್ಟು ಹೇಳಿ. ಒಬ್ಬರು ಹೋಗಿ ದೊಡ್ಡ ರಸ್ತೆಯ ತಿರುವಿನಲ್ಲಿ ನಿಂತು ಕೈ ಮಾಡಿ. ಈ ಓಣಿಗೆ ಗಾಡಿ ಬರಬೇಕೆಂದರೆ ತಿರುವಿನಲ್ಲಿ ಅಡ್ಡ ನಿಲ್ಲಿಸಿದ ಟಂಟಂ, ಬೈಕು ತೆಗೆಯಬೇಕು. ಸಂಜೆ ಬರುವಾಗ ನಾನೇ ನೋಡಿಕೊಂಡು ಬಂದೆ, ಈಗ ನಮ್ಮ ಗಾಡಿ ಒಳಗೆ ಬರುವುದಿಲ್ಲ. ಹಿರಿಯರು ಕೂತು ಒಂದು ತೀರ್ಮಾನ ಮಾಡಿ.

ಮೈಗೆ ಬೆಂಕಿ ಹತ್ತಿದರೆ ಓಡಬೇಡಿ. ನಿಂತು, ಮಲಗಿ, ಹೊರಳಾಡಿ. ಪಕ್ಕದವರು ಕಂಬಳಿ ಹೊದಿಸಿ. ಕುರಿ ಉಣ್ಣೆಯ ಕಂಬಳಿ ಬೇಗ ಹೊತ್ತುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಚಾದರ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಿ. ಎರಡು ನಿಮಿಷ ಸಾಲುವುದಿಲ್ಲ, ಇಪ್ಪತ್ತು. ಬಾವು ಬರುವ ಮುಂಚೆ ಬಳೆ, ಉಂಗುರ ತೆಗೆಯಿರಿ. ಟೂತ್‌ಪೇಸ್ಟ್, ಮಸಿ, ತುಪ್ಪ, ಅರಿಶಿನ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಕೆರೆದು ತೆಗೆಯುವಾಗ ಆ ಜೀವ ಪಡುವ ಸಂಕಟ ನೋಡಲು ಆಗುವುದಿಲ್ಲ. ಅಂಟಿಕೊಂಡ ಬಟ್ಟೆ ಕೀಳಬೇಡಿ. ಮಗ್ಗದಿಂದ ಇಳಿದ ಹೊಸ ಹತ್ತಿ ಬಟ್ಟೆ ನಿಮ್ಮ ಮನೆಯಲ್ಲೇ ಇರುತ್ತದೆ, ಸಡಿಲವಾಗಿ ಮುಚ್ಚಿ ಕರೆದೊಯ್ಯಿರಿ.

ಇಲ್ಲಿಗೆ ಮಾತು ಮುಗಿಸಿ ಪ್ಲಗ್ ವಾಪಸ್ ಇಸಿದುಕೊಳ್ಳುತ್ತಿದ್ದೆ. ಕಡೆಯ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಅದನ್ನು ಕೊಡದೆ ಮತ್ತೊಮ್ಮೆ ಮೂಸಿ ನೋಡಿದರು. “ಯಪ್ಪಾ, ಇದ ವಾಸನಿ ನಮ್ಮ ಮಗ್ಗದ ಕ್ವಾಣ್ಯಾಗ ಎಂಟು ದಿನದಿಂದ ಐತಿ. ನನ್ನ ಮಗ ಬಣ್ಣದ ವಾಸನಿ ಅಂತಾನ” ಅಂದರು. ಎದ್ದು ಅವರ ಜೊತೆ ಹೋದೆವು, ಹತ್ತು ಹನ್ನೆರಡು ಜನ ಹಿಂದೆ ಬಂದರು. ಮೇನ್ ತೆಗೆಸಿ, ಮಗನ ಕೈಯಿಂದಲೇ ಮೋಟಾರಿನ ಸ್ವಿಚ್ ಬೋರ್ಡ್ ಬಿಚ್ಚಿಸಿದೆ. ಒಂದು ವೈರಿನ ತುದಿ ಸ್ಕ್ರೂನಿಂದ ಸಡಿಲಾಗಿತ್ತು. ಬುಡದ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸುತ್ತ ನೂಲಿನ ಧೂಳು, ಬೆರಳ ದಪ್ಪ. ಮಗ ಏನೂ ಮಾತಾಡಲಿಲ್ಲ. ಒಬ್ಬರು ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದರು. ಬೆಳಿಗ್ಗೆ ಏಳಕ್ಕೆ ಬರುತ್ತೇನೆ ಅಂದರಂತೆ. ಅಲ್ಲಿಯತನಕ ಮೇನ್ ಹಾಕಬೇಡ ಅಂತ ಅಜ್ಜಿ ಮಗನಿಗೆ ಎರಡು ಸಲ ಹೇಳಿ, ಕಂದೀಲು ಹುಡುಕಲು ಒಳಗೆ ಹೋದರು. ನಾನು ಹಿಂದಿನಿಂದ ಕೂಗಿ ನನ್ನ ಬ್ಯಾಟರಿ ಕೊಟ್ಟು ಬಂದೆ.